ತಾಳ್ಮೆಯೂ ನೆರವೂ



“ತಾಳಿದವನು ಬಾಳಿಯಾನು” ಎಂಬ ಗಾದೆಯನ್ನು ನಾನು ಇಪ್ಪತ್ತು ವರ್ಷಗಳಿಂದ ಹುಡುಗಿಯರಿಗೆ ಕಲಿಸುತ್ತ ಬಂದಿದ್ದೇನೆ. ಆದರೆ ಈಚೆಗೆ ಅದರ ಅರ್ಥವನ್ನು ಹೇಳುವಾಗ ನನಗೆ ಅಂಜಿಕೆಯಾಗುತ್ತದೆ. ಅದರ ಕಾರಣವನ್ನು ಈ ಸ್ಮರಣ ಸಂಚಿಕೆಯಲ್ಲಿ ತಮಗೆ ಅರಿಕೆ ಮಾಡುವೆನು.

ನಮ್ಮ ಉಗಾರ ಖುರ್ದವು ಕೃಷ್ಣೆಯ ದಂಡೆಯ ಊರು. 2019ನೆಯ ಇಸವಿಯ ಆಗಸ್ಟದಲ್ಲಿ ಮಹಾಪೂರವು ಬಂದು ಈ ದಂಡೆಯ ಹೊಲಮನೆಗಳನ್ನು ಕೆಡಿಸಿತು. ಎಂಟು ತಿಂಗಳು ತುಂಬುವ ಮೊದಲೇ, 2020ನೆಯ ಮಾರ್ಚ 25ರಿಂದ, ಕೋವಿಡ್ ಮಹಾಮಾರಿಯ ನಿಮಿತ್ತ ದೇಶವೆಲ್ಲ ಬಾಗಿಲಿಕ್ಕಿಕೊಂಡಿತು. ರೈಲುಗಳು ನಿಂತವು, ರಾಜ್ಯದ ಗಡಿಯಲ್ಲಿ ಕಾವಲು ಕುಳಿತಿತು. ನಮ್ಮ ಪೇಟೆ, ದವಾಖಾನೆ, ಬೀಗತನಗಳೆಲ್ಲವೂ ಮಿರಜ ಸಾಂಗಲಿಗಳೊಡನೆ ಹೆಣೆದುಕೊಂಡಿವೆಯಷ್ಟೆ. ಆಚೆಗೆ ಕೊಟ್ಟ ಮಗಳು ಬಾಣಂತನಕ್ಕೆ ತವರಿಗೆ ಬರಲಾರದೆ ಹೋದಳು. ತಾಯಿಯ ಮಣ್ಣಿಗೂ ಬರಲಾರದೆ ಹೋದಳು.

ಆ ದಿನಗಳ ತರುವಾಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳನ್ನು ಶಾಲೆಗೆ ಸೇರಿಸಲು ಬಂದಳು. 2021ರ ಬೇಸಿಗೆಯಲ್ಲಿ, ರೋಗದ ಎರಡನೆಯ ಅಲೆಯಲ್ಲಿ, ಅವಳ ಗಂಡನು ತೀರಿಕೊಂಡಿದ್ದನು. ಕಡೆಯ ಸಾರೆ ಅವನ ಮುಖವನ್ನು ನೋಡುವದು ಸಹ ಅವಳಿಗೆ ದೊರೆತಿರಲಿಲ್ಲ. ಆದರೂ ಅತ್ತೆಮಾವಂದಿರನ್ನು ಸಾಕಿ, ಮಕ್ಕಳ ಪಾಠವನ್ನು ಮೊಬೈಲಿನಲ್ಲಿ ನಡೆಯಿಸಿ, ಮನೆಯನ್ನು ನಿಲ್ಲಿಸಿದ್ದಳು. “ನೀನು ಬಹಳ ಧೈರ್ಯದವಳವ್ವಾ” ಎಂದೆನು. ಅವಳು ತಲೆ ತಗ್ಗಿಸಿ, “ಅಕ್ಕೋರ, ಎಲ್ಲಾರೂ ಹಂಗ ಅಂದ್ರು. ಅದಕ್ಕ ನನಗ ಅಳಾಕ ಜಾಗಾನ ಸಿಗಲಿಲ್ಲರಿ” ಎಂದಳು. ವರ್ಷವಾದರೂ ಅವಳಿಗೆ ನೆಟ್ಟಗೆ ನಿದ್ರೆ ಬಂದಿರಲಿಲ್ಲ.

ನನ್ನ ಹೊಗಳಿಕೆಯೂ ಅವಳ ಬಾಯಿ ಮುಚ್ಚಿಸುವದರಲ್ಲಿತ್ತು. ತಾಳ್ಮೆಯು ಸದ್ಗುಣವೇ ಸರಿ. ಆದರೆ ತಾಳಿಕೊಂಡವಳು ಸುಖವಾಗಿಯೇ ಇದ್ದಾಳೆಂದು ತಿಳಿದು ಸುಮ್ಮನಿರುವದು ನಮ್ಮ ತಪ್ಪು.

ಈ ದುಃಖವು ನಮ್ಮ ಊರಿಗೊಂದಕ್ಕೇ ಬಂದದ್ದಲ್ಲ. ಮಹಾಮಾರಿಯ ಮೊದಲನೆಯ ವರ್ಷದಲ್ಲಿಯೇ ಆತಂಕ, ಖಿನ್ನತೆಗಳು ಪ್ರಪಂಚದಲ್ಲಿ ಶೇಕಡಾ 25ರಷ್ಟು ಹೆಚ್ಚಿದವೆಂದೂ, ಅದರಲ್ಲಿ ಹೆಂಗಸರಿಗೆ ಹೆಚ್ಚಿನ ಪೆಟ್ಟು ಬಿದ್ದಿತೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ತಿಳಿಸಿತು. ಅಮೇರಿಕೆಯಲ್ಲಿ ಸ್ಪ್ಯಾನಿಶ್ ನುಡಿಯ ವಲಸೆ ಕೂಲಿಕಾರರು ಸಹ, ಹೊಲದ ಮತ್ತು ಕಾರ್ಖಾನೆಯ ಕೆಲಸವನ್ನು ಬಿಟ್ಟು ಮನೆಯಲ್ಲಿ ಕೂಡ್ರಲಾರದೆ, ಇಂಥ ಭಾರವನ್ನೇ ಹೊತ್ತರು.

“ನಮ್ಮ ಹಿರಿಯರು ಪ್ಲೇಗನ್ನೂ 1918ರ ಇನ್‌ಫ್ಲುಯೆಂಝವನ್ನೂ ಕಂಡು ಬದುಕಲಿಲ್ಲವೇ?” ಎಂದು ಕೆಲವರು ಕೇಳಬಹುದು. ಬದುಕಿದರು, ನಿಜ. ಸತ್ತವರ ಲೆಕ್ಕವನ್ನು ಹೇಳುವವರು ನಮ್ಮ ಮನೆಗಳಲ್ಲಿದ್ದರು. ಉಳಿದವರ ಮನಸ್ಸಿನ ಸಂಗತಿಯನ್ನು ಕೇಳಿದವರು ವಿರಳ. ಕೇಳದಿದ್ದ ಮಾತ್ರಕ್ಕೆ ನೋವು ಇರಲಿಲ್ಲವೆಂದು ಹೇಳಲಾಗದು.

“ಪ್ರಾರ್ಥನೆ ಮಾಡು, ಎಲ್ಲವೂ ಸರಿಹೋಗುವದು” ಎಂದು ನಾನೂ ಹೇಳಿದ್ದುಂಟು. ಪ್ರಾರ್ಥನೆಯು ನನಗೆ ಪ್ರಾಣ. ಆದರೆ ಅದೊಂದೇ ಸಾಕಾಗಿದ್ದರೆ ಡಾಕ್ಟರ ವಿಲಿಯಂ ವಾನ್ಲೆಸರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ಯಾತಕ್ಕೆ ತೆರೆಯುತ್ತಿದ್ದರು? ಮುರಿದ ಕೈಗೆ ವೈದ್ಯರನ್ನು ಕಾಣುವ ನಾವು ಕುಗ್ಗಿದ ಮನಸ್ಸಿಗೆ ವೈದ್ಯರನ್ನು ಕಾಣಲು ನಾಚುವದೇಕೆ? ಸರಕಾರವು 2022ರ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ ಮಾನಸ ಸೇವೆಯಲ್ಲಿ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೂ ಧರ್ಮಾರ್ಥವಾಗಿ ಸಲಹೆ ದೊರೆಯುತ್ತದೆ. ಗಂಡಸರೂ ಇದನ್ನು ನೆನಪಿಡತಕ್ಕದ್ದು. ಕಬ್ಬಿನ ಸಾಲವೂ ನಿಂತುಹೋದ ಕೂಲಿಯೂ ಅವರ ನಿದ್ರೆಯನ್ನು ಕಡಿಮೆ ಕೆಡಿಸಿಲ್ಲ.

ಭಗಿನಿಯರೇ, ಒಬ್ಬರ ತಾಳ್ಮೆಗೆ ಹತ್ತು ಜನರ ನೆರವು ಆಧಾರವಾಗಿರಬೇಕು. ಪಾಲಕರ ಸಭೆಯಲ್ಲಿ ನಾನು ಮಗುವಿನ ಗುಣಾಂಕಗಳನ್ನು ಹೇಳಿ ಕಳಿಸುತ್ತಿದ್ದೆನು. ಈಗ ಅದಕ್ಕೆ ಮುಂಚೆ “ನೀನು ಹೇಗಿದ್ದೀಯವ್ವಾ?” ಎಂದು ತಾಯಿಯನ್ನು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕೂಡ್ರುತ್ತೇನೆ. ತಾವೂ ನೆರೆಮನೆಯವಳನ್ನು ಹೀಗೆಯೇ ಕೇಳಬೇಕೆಂದು ಬೇಡಿಕೊಳ್ಳುತ್ತೇನೆ. “ಚಲೋ ಇದ್ದೀನಿ” ಎಂದು ಅವಳು ಒಮ್ಮೆ ಅಂದರೆ ಎದ್ದುಬರದೆ, ಇನ್ನೊಮ್ಮೆ ಕೇಳಿರಿ.

— ಮುಖ್ಯೋಪಾಧ್ಯಾಯಿನಿ