ಕುದ್ರುವಿಗೆ ಒಂದು ದಿನಕ್ಕೆ ಬರುವವರೇ, ಸ್ವಲ್ಪ ನಿಲ್ಲಿ

ಹೋದ ಆಟಿ ತಿಂಗಳ ಒಂದು ಶನಿವಾರ ನಮ್ಮ ಬಳಗದ ಇಬ್ಬರು ಒಂದು ಬಸ್ಸಿನ ಹಿಂದೆ ಬೈಕಿನಲ್ಲಿ ಹೋದೆವು. ಬಸ್ಸಿನಲ್ಲಿ ಮಂಗಳೂರು ನಗರದ ಸುಮಾರು ನಲವತ್ತು ಮಂದಿ ಇದ್ದರು. ಬಸ್ಸಿಗೆ ಕಟ್ಟಿದ ಬ್ಯಾನರಿನಲ್ಲಿ ‘ಹಳ್ಳಿ ಬದುಕಿನಲ್ಲಿ ಒಂದು ದಿನ’ ಎಂದು ಬರೆದಿತ್ತು. ನೇತ್ರಾವತಿಯ ಒಂದು ಕುದ್ರುವಿಗೆ ಪ್ರವಾಸ. ತಲೆಗೆ ಸಾವಿರದ ಮೇಲೆ ಫೀಸು. ನಾವು ಹೋದದ್ದು ಸುದ್ದಿಗೆ.

ಸುದ್ದಿ ಮಾಡಿದೆವು. ‘ನೇಜಿ ನೆಟ್ಟು ಸಂಭ್ರಮಿಸಿದ ನಗರದ ಮಂದಿ’ ಎಂದು ಶೀರ್ಷಿಕೆ ಕೊಟ್ಟು, ಫೋಟೊ ಸಹಿತ ಕಳಿಸಿದೆವು. ಮರುದಿನ ಅಚ್ಚಾಯಿತು. ಅಂದು ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಬಿಟ್ಟದ್ದು ನಮ್ಮದೇ ತಪ್ಪು.

ಕಡವಿನಲ್ಲಿ ದೋಣಿ ಹತ್ತುವ ಮೊದಲು ಬಂದವರಿಗೆಲ್ಲ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ಮಳೆಗಾಲದ ನದಿ, ಕೊಟ್ಟದ್ದು ಸರಿಯೇ. ಅದೇ ಹೊತ್ತಿಗೆ ಆಚೆಯಿಂದ ಇನ್ನೊಂದು ದೋಣಿ ಬಂತು. ಅದರಲ್ಲಿ ಮೂವರು ಮಕ್ಕಳು ಶಾಲೆಗೆ ಹೊರಟಿದ್ದರು. ಅವರ ಮೈಮೇಲೆ ರೈನ್‌ಕೋಟ್ ಮಾತ್ರ ಇತ್ತು. ವರ್ಷದಲ್ಲಿ ಒಂದು ಸಲ ದಾಟುವವರಿಗೆ ಜಾಕೆಟ್ ಉಂಟು, ದಿನಕ್ಕೆ ಎರಡು ಸಲ ದಾಟುವವರಿಗೆ ಇಲ್ಲ. ನಲವತ್ತು ಮಂದಿಯಲ್ಲಿ ಒಬ್ಬರಾದರೂ ಅದನ್ನು ಕೇಳಲಿಲ್ಲ. ಕ್ಯಾಮೆರಾ ಹಿಡಿದು ನಿಂತಿದ್ದ ನಾವೂ ಕೇಳಲಿಲ್ಲ.

ಕುದ್ರುವಿನಲ್ಲಿ ಏಣೆಲಿನ ನಾಟಿ ನಡೆದಿತ್ತು. ಐದು ಮಂದಿ ಅಕ್ಕಂದಿರು ಗದ್ದೆಯಲ್ಲಿದ್ದರು. ಬಂದವರಿಗೆ ಮುಟ್ಟಾಳೆ ಇಟ್ಟು, ಕೈಗೊಂದು ನೇಜಿ ಕಟ್ಟು ಕೊಟ್ಟು ಗದ್ದೆಗೆ ಇಳಿಸಿದರು. ಇಪ್ಪತ್ತು ನಿಮಿಷ ಕೆಸರು, ನಗು, ಸೆಲ್ಫಿ. ಆಮೇಲೆ ‘ಓ ಬೇಲೆ’ ಹಾಡಿ ಎಂದರು. ವಿಡಿಯೊದಲ್ಲಿ ಸದ್ದು ಸರಿಯಾಗಿ ಬರಬೇಕೆಂದು, ಕೆಲಸ ನಿಲ್ಲಿಸಿ ಬದುವಿನ ಮೇಲೆ ಸಾಲಾಗಿ ನಿಂತು ಹಾಡಲು ಹೇಳಿದರು. ಹಿರಿಯ ಅಕ್ಕ ಒಬ್ಬರು ನಮ್ಮ ಕಡೆ ತಿರುಗಿ, ‘ಕೈ ನಿಂತರೆ ಹಾಡು ಎಲ್ಲಿಂದ ಬರ್ತದೆ ಮಗಾ?’ ಎಂದರು.

ಬಂದವರು ನೆಟ್ಟ ನೇಜಿಯಲ್ಲಿ ಕೆಲವು ತೇಲಿದವು, ಕೆಲವು ಆಳಕ್ಕೆ ಹೂತುಹೋದವು, ಉಳಿದವು ಕಾಲಡಿಗೆ ಸಿಕ್ಕಿದವು. ಅದೇ ಗದ್ದೆಯನ್ನು ಸೋಮವಾರ ಮತ್ತೆ ನೆಟ್ಟರು. ಎರಡನೇ ನಾಟಿಯ ಕೂಲಿ ಹೋದದ್ದು ಗದ್ದೆಯ ಯಜಮಾನರ ಕಿಸೆಯಿಂದ. ಪ್ಯಾಕೇಜಿನ ಲೆಕ್ಕದಲ್ಲಿ ಅದು ಬರಲಿಲ್ಲ.

ಮಧ್ಯಾಹ್ನ ಕುಚಲಕ್ಕಿ ಗಂಜಿ, ಹುರುಳಿ ಚಟ್ನಿ, ತಜಂಕ್ ಪಲ್ಯ, ಪತ್ರೊಡೆ. ‘ಹಳೆಯ ಕಾಲದವರು ಎಷ್ಟು ಹೆಲ್ದಿ ತಿನ್ನುತ್ತಿದ್ದರು!’ ಎಂದು ಒಬ್ಬರು ಹೊಗಳಿದರು. ನಮ್ಮ ಅಜ್ಜಿಯಂದಿರು ಆಟಿಯಲ್ಲಿ ತಜಂಕ್, ಕೆಸುವಿನ ಎಲೆ, ಕಣಿಲೆ, ಹಲಸಿನ ಬೀಜ ತಿಂದದ್ದು ಆರೋಗ್ಯ ನೋಡಿಕೊಂಡು ಅಲ್ಲ. ಅಕ್ಕಿ ಮುಗಿದಿತ್ತು, ಮಳೆಗೆ ಕೆಲಸ ಇರಲಿಲ್ಲ, ಅದಕ್ಕೆ ತಿಂದರು. ನಗರದ ಹಾಲ್‌ಗಳಲ್ಲಿ ‘ಆಟಿಡೊಂಜಿ ದಿನ’ ಮಾಡುವವರು ಆ ಹಸಿವಿನ ವಿಷಯವನ್ನೂ ಮೈಕಿನಲ್ಲಿ ಒಂದು ಸಲ ಹೇಳಲಿ. ಆಮೇಲೆ ಪತ್ರೊಡೆ ಬಡಿಸಲಿ.

ಈಗ ಕುದ್ರುವಿನ ವಿಷಯಕ್ಕೆ ಬರೋಣ. ಗೋದಾವರಿ, ಕೃಷ್ಣೆಯ ಹಾಗೆ ದೊಡ್ಡ ಮುಖಜಭೂಮಿ ನಮ್ಮಲ್ಲಿ ಇಲ್ಲ. ನೇತ್ರಾವತಿ ಘಟ್ಟದಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು ಸಮುದ್ರಕ್ಕೆ ಬರುತ್ತದೆ. ಗುರುಪುರ ನದಿ, ಅಂದರೆ ಫಲ್ಗುಣಿ, ಬಂದು ಸೇರುವುದೂ ಅದೇ ಅಳಿವೆಗೆ. ಆಚೆ ಉಳ್ಳಾಲ, ಈಚೆ ಬೆಂಗ್ರೆ. ನದಿ ಹೊತ್ತು ತಂದ ಮಣ್ಣು, ಮರಳು ಹರಿವು ನಿಧಾನವಾದಲ್ಲಿ ಕೂತು ಕೂತು ಕುದ್ರು ಆಗುತ್ತದೆ. ಅಂದರೆ ಕುದ್ರು ಎಂಬುದೇ ನದಿ ಕೊಟ್ಟ ನೆಲ. ಮರಳು ತೆಗೆದರೆ ಅದೂ ಹೋಗುತ್ತದೆ. ಬುಡದಲ್ಲಿ ಹೊಂಡವಾದರೆ ದಂಡೆ ಜರಿಯುತ್ತದೆ. ಮೊದಲು ತೆಂಗಿನ ಮರ ವಾಲುತ್ತದೆ, ಮತ್ತೆ ತೋಟ, ಮತ್ತೆ ಮನೆಯಂಗಳ.

ಪಾವೂರು ಉಳಿಯದವರನ್ನು ಕೇಳಿ. ಮರಳು ತೆಗೆದು ತೆಗೆದು ತಮ್ಮ ಕುದ್ರು ಸಣ್ಣದಾಗುತ್ತಿದೆ ಎಂದು ಅವರು ಹಲವು ವರ್ಷ ದೂರಿದ್ದಾರೆ. ಮಳೆಗಾಲದಲ್ಲಿ ಅವರಿಗೆ ದೋಣಿಯೇ ಗತಿ. ನೀರಿಳಿದ ಮೇಲೆ ಊರವರೇ ಸೇರಿ ತಾತ್ಕಾಲಿಕ ಕಾಲುಸೇತುವೆ ಕಟ್ಟಿಕೊಂಡು ಬಂದವರು ಅವರು. ‘ಅನುಭವ’ ಬೇಕಾದವರು ಆ ಸೇತುವೆಗೆ ಒಂದು ದಿನ ಹಲಗೆ ಹೊರಲಿ.

ಇನ್ನೂ ಒಂದು ಪ್ರಶ್ನೆ ಉಂಟು, ನಗರದವರಿಗೆ ಹಿಡಿಸಲಿಕ್ಕಿಲ್ಲ. ಬಸ್ಸು ಹೊರಟ ಅಪಾರ್ಟ್‌ಮೆಂಟಿನ ಗೋಡೆಯಲ್ಲಿರುವ ಮರಳು ಯಾವ ನದಿಯದ್ದು? ನಿಮ್ಮ ನಳ್ಳಿಯಲ್ಲಿ ಬರುವ ನೀರು ತುಂಬೆಯಲ್ಲಿ ಕಟ್ಟಿ ನಿಲ್ಲಿಸಿದ ಇದೇ ನೇತ್ರಾವತಿಯದ್ದು. 2019ರ ಬೇಸಿಗೆಯಲ್ಲಿ ನಗರಕ್ಕೆ ಪಾಳಿಯಲ್ಲಿ ನೀರು ಬಿಟ್ಟಾಗ ಅದು ದೊಡ್ಡ ಸುದ್ದಿ. ಅಳಿವೆ ಬದಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುವುದು ಸುದ್ದಿಯೇ ಅಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಮಾಡಿದಾಗಲೂ ಬೇಕಾದದ್ದು ನದಿ ಬದಿಯ ಆವೆಮಣ್ಣೇ. ಹಂಚು, ಮರಳು, ನೀರು ಎಂದು ಈ ನದಿಯಿಂದ ನಗರ ಪಡೆದದ್ದು ಸಣ್ಣದಲ್ಲ. ಈಗ ಕೊನೆಯದಾಗಿ ‘ಅನುಭವ’ವೂ ಬೇಕಂತೆ.

ಅಂದು ಸಂಜೆ ಹಿಂದೆ ಹೊರಡುವಾಗ ಒಬ್ಬರು ದೋಣಿಯವರನ್ನು ಮೆಲ್ಲನೆ ಕೇಳಿದರು: ‘ಇಲ್ಲಿ ಸೆಂಟ್ಸಿಗೆ ಎಷ್ಟು ರೇಟ್ ಉಂಟು?’ ನಮಗೆ ಎದೆ ಝಲ್ಲೆಂದದ್ದು ಆಗ. 1974ರ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯ ಗೇಣಿದಾರರು ಉಳುವ ನೆಲಕ್ಕೆ ಒಡೆಯರಾದರು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಸೆಕ್ಷನ್‌ಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಹಾಗಾಗಿ ಈ ಒಂದು ದಿನದ ಪ್ರವಾಸ ಕೆಲವರಿಗೆ ಜಾಗ ನೋಡುವ ದಿನವೂ ಹೌದು. ಸೇತುವೆ ಇಲ್ಲದೆ ಸೋತ ಕುಟುಂಬ ಜಾಗ ಮಾರುತ್ತದೆ. ಜಾಗ ರೆಸಾರ್ಟ್‌ ಆಗುತ್ತದೆ. ಆಮೇಲೆ ಸೇತುವೆ ಎಷ್ಟು ಬೇಗ ಬರುತ್ತದೆ, ನೋಡುತ್ತಿರಿ.

‘ಬಂದವರಿಂದ ಊರಿಗೆ ನಾಲ್ಕು ಕಾಸು ಆಗುವುದಿಲ್ಲವಾ? ನೀವು ಅದಕ್ಕೂ ಕಲ್ಲು ಹಾಕುವುದಾ?’ ಎಂದು ಊರಿನವರೇ ಕೇಳಬಹುದು. ನ್ಯಾಯದ ಪ್ರಶ್ನೆ. ದೋಣಿಯವರಿಗೆ ಅಂದು ಬಾಡಿಗೆ ಸಿಕ್ಕಿತು, ಅಡುಗೆ ಮಾಡಿದ ಮನೆಗೂ ಸ್ವಲ್ಪ ಹಣ ಸಿಕ್ಕಿತು. ನೆಂಟರು ಬರಬಾರದು ಎಂದು ನಾವು ಹೇಳುವುದಿಲ್ಲ. ಬಂದವರಿಗೆ ಬೆಲ್ಲ ನೀರು ಕೊಡುವ ಊರು ನಮ್ಮದು. ಆದರೆ ಸಾವಿರ ರೂಪಾಯಿಯಲ್ಲಿ ಊರಿಗೆ ಉಳಿದದ್ದು ಎಷ್ಟು, ನಗರಕ್ಕೆ ಹಿಂದೆ ಹೋದದ್ದು ಎಷ್ಟು ಎಂದು ಯಾರಾದರೂ ಹೇಳಬೇಕಲ್ಲ? ನಾವು ಕೇಳಿದಾಗ ಸಂಘಟಕರು ನಕ್ಕು ಎಳನೀರು ಕೊಟ್ಟರು. ಕುಡಿದು ಬಂದೆವು.

ಹಾಗಾಗಿ ಊರಿನವರಲ್ಲಿ ನಮ್ಮ ಕೋರಿಕೆ ಇಷ್ಟು. ಇಂಥ ಪ್ರವಾಸದ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿ. ದರ ನೀವು ಹೇಳಿ. ದೋಣಿ, ಗದ್ದೆ, ಅಡುಗೆ, ಹಾಡು, ಒಂದೊಂದಕ್ಕೂ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಗದ್ದೆ ಹಾಳಾದರೆ ಮರುನಾಟಿಯ ಕೂಲಿ ಅವರದ್ದು. ಹೆಂಗಸರ, ಮಕ್ಕಳ ಫೋಟೊ ಕೇಳದೆ ತೆಗೆಯಬಾರದು. ತಂದ ಲೈಫ್ ಜಾಕೆಟ್‌ಗಳನ್ನು ಕಡವಿನಲ್ಲೇ ಬಿಟ್ಟು ಹೋಗಲಿ.

ನಗರದವರೇ, ನಿಮಗೂ ಒಂದು ಕೆಲಸ. ನೀವು ಒಂದು ಮಾತು ಹೇಳಿದರೆ ಪಾಲಿಕೆಯಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳುತ್ತಾರೆ. ಕುದ್ರುವಿನವರು ಹತ್ತು ಸಲ ಹೇಳಬೇಕು. ಕೆಸರಿನ ಫೋಟೊ ಹಾಕುವ ದಿನವೇ ಸೇತುವೆಗೆ, ಮರಳಿನ ಲೂಟಿಯ ವಿರುದ್ಧ ಒಂದು ಅರ್ಜಿಯನ್ನೂ ನಿಮ್ಮ ಹೆಸರಿನಲ್ಲಿ ಹಾಕಿ. ಅಷ್ಟು ಮಾಡಿದವರು ಮುಂದಿನ ಆಟಿಗೆ ಬನ್ನಿ. ಗದ್ದೆಗೆ ಇಳಿದರೆ ಮಾತ್ರ ಒಂದು ಗದ್ದೆಯನ್ನು ಪೂರ್ತಿ ಮುಗಿಸಿ, ಬೆನ್ನು ನೋಯಿಸಿಕೊಂಡು ಹೋಗಿ.

ನಾವೂ ಬರುತ್ತೇವೆ. ಈ ಸಲ ಮಕ್ಕಳ ದೋಣಿಯ ಫೋಟೊ ಮೊದಲು ತೆಗೆಯುತ್ತೇವೆ.