ಸೂಜಿ ಬೇಕೋ? ಬೇಡವೋ?



2021ರಲ್ಲಿ ಕೊರೋನಾ ಸೂಜಿ ಬಂದಾಗ ನಮ್ಮೂರಲ್ಲಿ ಎರಡು ಪಕ್ಷ ಆದವು. "ಹಾಕಿಸ್ಕೊಂಡ್ರೆ ಸತ್ತೇ ಹೋಗ್ತಾರೆ" ಅಂತ ಒಂದು. "ಹಾಕಿಸ್ಕೊಂಡ್ರೆ ಕೊರೋನಾ ಬರೋದೇ ಇಲ್ಲ" ಅಂತ ಇನ್ನೊಂದು. ನನ್ನ ಪ್ರಕಾರ ಎರಡೂ ತಪ್ಪು. ಲಸಿಕೆ ಹಾಕಿಸಿಕೊಂಡವರಿಗೂ ಕೊರೋನಾ ಬಂದದ್ದುಂಟು. ಆದರೆ ರೋಗ ಜೋರಾಗಿ ಆಸ್ಪತ್ರೆ ಸೇರುವುದು, ಸಾಯುವುದು ಬಹಳ ಕಡಿಮೆಯಾಯಿತು. ಒಂದೆರಡು ದಿನ ಜ್ವರ, ತೋಳುನೋವು ಬರಬಹುದು. ದೊಡ್ಡ ತೊಂದರೆ ತೀರಾ ಅಪರೂಪ. ಅದನ್ನು ನೋಡಿಕೊಳ್ಳೋದಕ್ಕೇ ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಿದ್ದರು.

ನಮ್ಮಜ್ಜಿಯೂ ಮೊದಲು ಬೇಡ ಅಂದ್ರು. "ಬಿ.ಪಿ. ಮಾತ್ರೆ ತಗೋತೀನಿ, ಏನಾದ್ರೂ ಆದ್ರೆ?" ಅಂತ ಭಯ. ಆಶಾ ಅಕ್ಕ ನಗಲಿಲ್ಲ, ಬಯ್ಯಲಿಲ್ಲ. ಬಿ.ಪಿ. ಇದ್ದವರಿಗೇ ಇದು ಹೆಚ್ಚು ಬೇಕು ಅಂತ ಬಿಡಿಸಿ ಹೇಳಿದರು. ಅಜ್ಜಿ ಹಾಕಿಸಿಕೊಂಡರು.

ಅಜ್ಜಿಯ ತೋಳಿನಲ್ಲಿ ಸಿಡುಬಿನ ಲಸಿಕೆಯ ಹಳೇ ಗುರುತಿದೆ. 1806ರ ಹೊತ್ತಿಗೇ ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರು ಆ ಲಸಿಕೆ ಹಾಕಿಸಿಕೊಂಡಿದ್ದರು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮಗೆ ಆ ಸೂಜಿಯೇ ಬೇಕಾಗಲಿಲ್ಲ. ಹಿಂದಿನವರು ಕೈ ಒಡ್ಡಿದ್ದರ ಫಲ ಅದು.

ಹೆದರುವವರನ್ನು ದಡ್ಡರು ಅನ್ನಬಾರದು. ಕಟ್ಟೆ ಮೇಲಿನ ಮಾತು ಬಿಟ್ಟು ನರ್ಸಮ್ಮನವರನ್ನು ಕೇಳೋಣ. ಕೇಳಿ, ತಿಳಿದು, ಕೈ ಒಡ್ಡೋಣ. ಏನಂತೀರಿ?

– 7ನೇ ತರಗತಿ ವಿದ್ಯಾರ್ಥಿನಿ