ಪ್ರವಾಸದ ಬಸ್ಸಿನಲ್ಲಿ ರೈತನಿಗೂ ಜಾಗವಿರಲಿ



ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗಳಿಗೆ ಬಂದು ತಂಗುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುತ್ತಾರೆ, ಬೀಜೋಪಚಾರ ಮಾಡಿ ತೋರಿಸುತ್ತಾರೆ, ನಿಮ್ಮ ಮನೆಯ ಮುದ್ದೆ ಉಂಡು ಹೋಗುತ್ತಾರೆ. 2015 ರಲ್ಲಿ ‘ಸ್ಟೂಡೆಂಟ್ ರೆಡಿ’ ಎಂಬ ಯೋಜನೆ ಬಂದ ಮೇಲೆ ಹಳ್ಳಿಯ ವಾಸದ ಜೊತೆಗೆ ಕೆಲವು ವಾರ ಕೃಷಿ ಸಂಬಂಧದ ಕಂಪೆನಿಗಳಲ್ಲಿ ಕಲಿಯುವುದೂ ಸೇರಿತು. ಇಂಜಿನಿಯರಿಂಗ್, ವಾಣಿಜ್ಯ ಓದುವವರಂತೂ ಬಸ್ಸು ಮಾಡಿಕೊಂಡು ಕಾರ್ಖಾನೆ ನೋಡಲು ಹೋಗುವುದು ಹಿಂದಿನಿಂದ ಇದ್ದದ್ದೇ. ಇದು ಒಳ್ಳೆಯದು. ಆದರೆ ಈ ಬಸ್ಸಿನಲ್ಲಿ ಒಬ್ಬರನ್ನು ನಾವು ಮರೆತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶವನ್ನೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ಕನಕಪುರದ ರಸ್ತೆಯಲ್ಲಿ ಕಗ್ಗಲಿಪುರ ದಾಟಿ ಮುಂದೆ ಬಂದರೆ ಸಿಗುವ ಈ ಊರು ಮೊದಲು ಕನಕಪುರ ತಾಲ್ಲೂಕಿನ ಹೋಬಳಿ, ಈಗ ತಾನೇ ಒಂದು ತಾಲ್ಲೂಕು. ರಾಮನಗರ ಜಿಲ್ಲೆಗೆ 2025 ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಯಿತು. ರಾಗಿ, ಹುರುಳಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಸೀಮೆಯಲ್ಲಿ ಇಂದು ತಗಡಿನ ಮಾಡಿನ ದೊಡ್ಡ ದೊಡ್ಡ ಕಟ್ಟಡಗಳು ನಿಂತಿವೆ. ಪಿಜನ್ ಹೆಸರಿನ ಕುಕ್ಕರು, ಗ್ಯಾಸ್ ಒಲೆ ಮಾರುವ ಸ್ಟವ್ ಕ್ರಾಫ್ಟ್ ಕಂಪೆನಿಯ ಕಾರ್ಖಾನೆ ಇರುವುದು ಇಲ್ಲಿಯೇ.

ಒಮ್ಮೆ ವಿದ್ಯಾರ್ಥಿಗಳ ಜೊತೆ ಈ ಪ್ರದೇಶದ ಬೇರೊಂದು ಕಾರ್ಖಾನೆಗೆ ಹೋಗಿದ್ದೆ. ಅದರ ಹೆಸರು ಇಲ್ಲಿ ಬೇಡ. ತಂಪಾದ ಕೋಣೆಯಲ್ಲಿ ಕೂಡಿಸಿ ಚಲನಚಿತ್ರ ತೋರಿಸಿದರು, ಬಿಸ್ಕತ್ತು ಚಹಾ ಕೊಟ್ಟರು, ಹಳದಿ ಗೆರೆಯ ಮೇಲೆ ಸಾಲಾಗಿ ನಡೆಸಿ ಯಂತ್ರಗಳನ್ನು ತೋರಿಸಿ, ಕೊನೆಗೆ ಫೋಟೋ ತೆಗೆಸಿಕೊಂಡು ಕಳುಹಿಸಿದರು. ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಮುಗಿಯಿತು. ಹೊರಗೆ ಕಾಂಪೌಂಡಿನ ಪಕ್ಕದಲ್ಲಿ ಹಸು ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನನ್ನು ತಡೆದು, “ಒಳಗೇನ್ ಮಾಡ್ತಾವ್ರೆ ಸಾ?” ಎಂದು ಕೇಳಿದರು. ನಾನು ಹೇಳಿದೆ. “ನಮ್ದೂ ಎರಡೆಕರೆ ಇದ್ರೊಳಗೇ ಹೋಯ್ತು. ಒಂದಿನಾನೂ ಒಳೀಕೆ ಕಾಲಿಟ್ಟಿಲ್ಲ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಮುಜುಗರವಾಯಿತು.

ಯೋಚಿಸಿ ನೋಡಿ. 1966 ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯಿದೆಯ 28ನೆಯ ಕಲಮಿನಲ್ಲಿ ನೋಟೀಸು ಬಂದಾಗ ಜಮೀನಿನ ಸರ್ವೆ ನಂಬರು, ಗುಂಟೆ, ಖರಾಬು ಎಲ್ಲವನ್ನೂ ಅಳೆದು ಬರೆಯುತ್ತಾರೆ. ಪರಿಹಾರದ ದರಕ್ಕೆ ವರ್ಷಗಟ್ಟಲೆ ಓಡಾಟವಾಗುತ್ತದೆ. ಆದರೆ ಆ ನೆಲದ ಮೇಲೆ ಏನು ಬಂತು, ಅದರಲ್ಲಿ ತನ್ನ ಮಗನಿಗೆ, ಮಗಳಿಗೆ ಯಾವ ಕೆಲಸವಿದೆ ಎಂಬುದನ್ನು ತೋರಿಸಲು ಒಂದು ದಿನವನ್ನೂ ಯಾರೂ ಗೊತ್ತುಮಾಡುವುದಿಲ್ಲ. ದೂರದ ಊರಿನ ವಿದ್ಯಾರ್ಥಿಗೆ ತೆರೆಯುವ ಗೇಟು ಪಕ್ಕದ ಹಳ್ಳಿಯವನಿಗೆ ತೆರೆಯುವುದು ಸೆಕ್ಯೂರಿಟಿ ಕೆಲಸ ಕೇಳಲು ಹೋದಾಗ ಮಾತ್ರ.

ನೋಡಿದರೆ ಏನು ಲಾಭ ಎಂದು ನೀವು ಕೇಳಬಹುದು. ಈ ಸೀಮೆಯ ರೇಷ್ಮೆ ಬೆಳೆಗಾರರನ್ನು ಕೇಳಿ, ಅವರು ಹೇಳುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕೋ ಆ ಲೆಕ್ಕಕ್ಕೆ ರೆಂಡಿಟ್ಟ ಎನ್ನುತ್ತಾರೆ. ಒಳ್ಳೆಯ ದ್ವಿತಳಿ ಗೂಡಾದರೆ ಸುಮಾರು 6 ರಿಂದ 7 ಕಿಲೋ ಸಾಕು, ಮಿಶ್ರತಳಿಯಾದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ರೀಲರು ಗೂಡನ್ನು ಕೈಯಲ್ಲಿ ಹಿಡಿದು, ಅಲುಗಾಡಿಸಿ ನೋಡಿ ದರ ಕೂಗುವಾಗ ಅವನ ಮನಸ್ಸಿನಲ್ಲಿರುವುದು ಇದೇ ಲೆಕ್ಕ. ನೂಲು ಬಿಚ್ಚುವ ಘಟಕದ ಬಿಸಿ ನೀರಿನ ಬಾನಿಯ ಮುಂದೆ ಅರ್ಧ ದಿನ ನಿಂತು ನೋಡಿದ ಬೆಳೆಗಾರ, ಎಳೆ ತುಂಡಾಗುವುದು ಯಾವ ಗೂಡಿನಿಂದ ಎಂಬುದನ್ನು ಕಣ್ಣಾರೆ ಕಾಣುತ್ತಾನೆ. ಜೋಡಿ ಗೂಡು, ಕಲೆಯ ಗೂಡುಗಳನ್ನು ಮನೆಯಲ್ಲಿಯೇ ಆರಿಸಿ ತೆಗೆಯುತ್ತಾನೆ. ಹುಳು ಪೂರಾ ಕೋಶವಾಗುವ ಮೊದಲೇ ಚಂದ್ರಿಕೆಯಿಂದ ಗೂಡು ಬಿಡಿಸುವ ಆತುರವನ್ನು ಬಿಡುತ್ತಾನೆ. ನಾವು ಹತ್ತು ಸಾರಿ ಭಾಷಣ ಮಾಡಿದರೂ ಆಗದ ಕೆಲಸವದು. ಹಾಲಿನದೂ ಹಾಗೆಯೇ. ಕನಕಪುರದ ಬಳಿಯ ಬಮೂಲ್ ಡೇರಿಗೆ ಹೋಗಿ ಬಂದ ಉತ್ಪಾದಕರಿಗೆ ಕೊಬ್ಬು ಮತ್ತು ಎಸ್.ಎನ್.ಎಫ್. ಅಂಶದ ಮೇಲೆ ದರ ಏಕೆ ನಿಲ್ಲುತ್ತದೆ ಎಂದು ಮತ್ತೆ ವಿವರಿಸಬೇಕಾಗದು.

ಕುಕ್ಕರಿನ ಕಾರ್ಖಾನೆಗೆ ನಮ್ಮ ಬೆಳೆ ಹೋಗುವುದಿಲ್ಲ, ನಿಜ. ಅಲ್ಲಿಗೆ ಹೋಗುವುದು ನಮ್ಮ ಮಕ್ಕಳು. ಆದ್ದರಿಂದ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. 1961 ರ ಅಪ್ರೆಂಟಿಸ್ ಕಾಯಿದೆಯಂತೆ, 30 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಶೇ. 2.5 ರಿಂದ 15 ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ನಿಮ್ಮಲ್ಲಿ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಸುತ್ತಲ ಹಳ್ಳಿಯವರು ಎಷ್ಟು, ಐ.ಟಿ.ಐ.ನ ಯಾವ ಟ್ರೇಡಿನವರು ಬೇಕು ಎಂದು ಕೇಳಿ. ರಾಜ್ಯದ 2020-25 ರ ಕೈಗಾರಿಕಾ ನೀತಿಯಲ್ಲಿ ಒಟ್ಟು ಕೆಲಸಗಳ ಶೇ. 70 ಹಾಗೂ ಡಿ ದರ್ಜೆಯ ಕೆಲಸಗಳೆಲ್ಲವೂ ಕನ್ನಡಿಗರಿಗೆ ಎಂದು ಬರೆದಿತ್ತು. ಡಿ ದರ್ಜೆ ಪೂರ್ತಿ ನಮ್ಮದಾಯಿತೆಂದು ಹಿಗ್ಗಬೇಡಿ. ಗೇಟು, ಕಸ, ಲೋಡಿಂಗು ಅದರಲ್ಲಿ ಬರುವಂಥವು. ಯಂತ್ರದ ಮುಂದೆ ನಿಂತವನು ಏನು ಓದಿದ್ದಾನೆ ಎಂದು ನೋಡಿ ಬಂದ ತಂದೆ ತಾಯಿ, ಹತ್ತನೆಯ ತರಗತಿ ಮುಗಿಸಿದ ಹುಡುಗನನ್ನೂ ಹುಡುಗಿಯನ್ನೂ ಯಾವ ಕೋರ್ಸಿಗೆ ಸೇರಿಸಬೇಕೆಂದು ತಾವೇ ತೀರ್ಮಾನಿಸಬಲ್ಲರು.

ಇನ್ನೊಂದು ಪ್ರಶ್ನೆ ನೀರಿನದು. ಬೈರಮಂಗಲ ಕೆರೆಗೆ ವೃಷಭಾವತಿಯಲ್ಲಿ ಬೆಂಗಳೂರಿನ ಕೊಳಕು ನೀರು ಬಂದು ಅಚ್ಚುಕಟ್ಟಿನ ರೈತರು ಪಟ್ಟ ಪಾಡು ಈ ಸೀಮೆಗೆ ಹೊಸದಲ್ಲ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ, ಶುದ್ಧೀಕರಣ ಘಟಕ ಎಲ್ಲಿದೆ, 1974 ರ ಜಲ ಕಾಯಿದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಯಾವ ವರ್ಷದವರೆಗೆ ಇದೆ ಎಂದು ವಿನಯದಿಂದಲೇ ಕೇಳಬಹುದು. ವಿದ್ಯಾರ್ಥಿಗಳು ಇದನ್ನು ಕೇಳಿದ್ದನ್ನು ನಾನು ಕಂಡಿಲ್ಲ. ಬಾವಿ ಇರುವವನು ಕೇಳದೆ ಬಿಡುವುದಿಲ್ಲ.

ಮಾಡುವ ಕ್ರಮ ಸುಲಭ. ನಿಮ್ಮ ಹಾಲು ಉತ್ಪಾದಕರ ಸಂಘ ಅಥವಾ ಗ್ರಾಮ ಪಂಚಾಯಿತಿಯ ಕಾಗದದ ಮೇಲೆ, ಬರುವವರ ಹೆಸರಿನ ಪಟ್ಟಿಯೊಡನೆ, ಕಂಪೆನಿಯ ಸಿಬ್ಬಂದಿ ವಿಭಾಗಕ್ಕೆ ಬರೆಯಿರಿ. 25 ಜನಕ್ಕಿಂತ ಹೆಚ್ಚು ಬೇಡ. ಅವರಲ್ಲಿ ಹತ್ತು ಮಂದಿಯಾದರೂ ಹೆಣ್ಣುಮಕ್ಕಳಿರಲಿ, ಓದುವ ಮಕ್ಕಳೂ ಇರಲಿ. ನಿಮ್ಮ ಊರಿನಲ್ಲಿ ತಂಗಿರುವ ವಿದ್ಯಾರ್ಥಿಗಳನ್ನು ಜೊತೆಗೆ ಕರೆದೊಯ್ಯಿರಿ, ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರು ಕನ್ನಡದಲ್ಲಿ ತಿಳಿಸಲಿ. ಯಂತ್ರಗಳಿರುವ ಕಡೆ ಚಪ್ಪಲಿ ಹಾಕಿಕೊಂಡು ಬಿಡುವುದಿಲ್ಲ, ಬೂಟು ಬೇಕು. ಸೆರಗು, ಟವೆಲು ಸುತ್ತಿಕೊಳ್ಳದಂತೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ರಾಗಿಯ ಕಳೆ ತೆಗೆದ ಮೇಲೆ, ಕೊಯ್ಲಿಗೆ ಮೊದಲು ಸಿಗುವ ಬಿಡುವು ಇದಕ್ಕೆ ಅನುಕೂಲ. ಮೊದಲ ಪತ್ರಕ್ಕೆ ಉತ್ತರ ಬಾರದಿದ್ದರೆ ಎರಡನೆಯದನ್ನು ಬರೆಯಿರಿ, ಅದರ ಪ್ರತಿಯನ್ನು ತಹಶೀಲ್ದಾರರಿಗೂ ಕಳುಹಿಸಿ.